ನೀರುಂಡ ಕ್ಲೋವರ್

"ಮೇಲಿನ ಹುಲ್ಲುಗಾವಲಿಂದ ಕ್ಲೋವರ್ ಎಲೆ ತರ್ಬೇಕು. ಎಲೆ ಇಲ್ದಿದ್ರೆ ನನ್ನ ಮಾತು ಯಾರೂ ನಂಬಲ್ಲ," ಎಂದಳು ಅಕ್ಕ.

ಅಕ್ಕ ಸಸ್ಯವಿಜ್ಞಾನಿ. ದೂರದ ನಗರದ ಹೊಗೆ ಬಿಸಿಲಿಗೆ ಬೆಂದು, ಓಝೋನ್ ಎಂಬ ಕಣ್ಣಿಗೆ ಕಾಣದ ವಿಷಗಾಳಿಯಾಗಿ, ಈ ಬೆಟ್ಟದವರೆಗೂ ತೇಲಿಬರುತ್ತದೆಂದು ಅವಳ ಗುಮಾನಿ. ಅದು ತಾಕಿದರೆ ಕ್ಲೋವರ್ ಎಲೆಯಲ್ಲಿ ಗುರುತು ಬೀಳುತ್ತದೆ.

ಕೆಳಗೆ ಜೀಪಿನ ಹತ್ತಿರ ಮಾವ ಉಳಿದರು. ಎಲೆ ತುಂಬಲು ಪೆಟ್ಟಿಗೆ ಹಿಡಿದು ಅಕ್ಕ ಹೊರಟಳು. ಅವಳ ತಮ್ಮ ನೀರಿನ ಕ್ಯಾನು ಹೊತ್ತು ಮುಂದೆ ನಡೆದ. ಉಬ್ಬಸದ ಆಸಾಮಿ, ಆದರೆ ಹೇಳಿದ ಮಾತು ಕೇಳಿದ್ದುಂಟೇ! ಮೇಲೆ ಅಕ್ಕ ಪರೀಕ್ಷೆಗೆಂದು ನೆಟ್ಟ, ಮೂರೆಲೆಯ ಪುಟ್ಟ ಕ್ಲೋವರ್ ಗಿಡಗಳಿಗೆ ವಾರವಾರವೂ ನೀರುಣಿಸಿದವನು ಅವನೇ. ಬಂಡೆಯಾಚೆಯ ಗಿಡಗಳಿಗೆ ಮಾತ್ರ ಕ್ಯಾನು ಒಯ್ಯಲಾಗಿರಲಿಲ್ಲ.

ಮೇಲೆ ತೊಳೆದಿಟ್ಟಂಥ ನೀಲಿ ಆಕಾಶ. ಹೊಗೆಯಿಲ್ಲ, ವಾಸನೆಯಿಲ್ಲ. ಹುಲ್ಲು ಹಸಿರಾಗಿಯೇ ನಿಂತಿತ್ತು, ಆದರೆ ಅದರ ನಡುವೆ ಒಂದು ಕ್ಲೋವರ್ ಹೂವೂ ಇಲ್ಲ, ಒಂದು ಜೇನ್ನೊಣದ ಸದ್ದೂ ಇಲ್ಲ. ಇಷ್ಟು ಚೆಂದದ ಮಧ್ಯಾಹ್ನದಲ್ಲಿ ಅಕ್ಕನಿಗೆ ಯಾಕೋ ಮೈ ಜುಮ್ಮೆಂದಿತು.

ತಮ್ಮ ತನ್ನ ಗಿಡಗಳತ್ತ ಓಡಿ, ಗಕ್ಕನೆ ನಿಂತ. ಎಲೆಗಳ ಮೇಲೆಲ್ಲ ಸೂಜಿಮೊನೆಯಷ್ಟು ಬಿಳಿ ಚುಕ್ಕೆ. ಒಂದರ ಮೇಲೊಂದು ಎಲೆ ಬಿದ್ದಲ್ಲಿ, ಆ ನೆರಳಿನಷ್ಟೇ ಜಾಗ ಹಸಿರು.

"ನೀರು ಹಾಕಿದ್ನಲ್ಲೇ ಅಕ್ಕ! ಬಂಡೆಯಾಚೆಯವು ಬಾಯಾರಿದ್ರೂ ಚೆನ್ನಾಗಿವೆ!"

ಅಕ್ಕ ಒಂದು ಎಲೆ ಮಗುಚಿ ನೋಡಿದಳು. "ನೀರು ಕುಡಿದವು ಎಲೆಯ ರಂಧ್ರಗಳನ್ನೆಲ್ಲ ತೆರೆದು ಉಸಿರಾಡಿದ್ವು ಕಣೋ. ವಿಷಾನೂ ಒಳಗೆ ಹೋಯ್ತು. ಒಣಗಿದವು ಬಾಯಿ ಮುಚ್ಕೊಂಡು ಬದುಕಿದ್ವು."

ತಮ್ಮನಿಗೆ ಕೆಮ್ಮು ಒತ್ತರಿಸಿ ಬಂತು. ಅವನ ಎದೆ ಸಿಳ್ಳೆ ಹಾಕತೊಡಗಿತು.

"ಇನ್‌ಹೇಲರ್ ಎಲ್ಲೋ?"

"ಜೀಪಲ್ಲಿ."

ತಮ್ಮ ಓಡಲು ತಿರುಗಿದ. ಅಕ್ಕ ತೋಳು ಹಿಡಿದೆಳೆದಳು.

"ಓಡ್ಬೇಡ! ಓಡಿದಷ್ಟೂ ಈ ಗಾಳೀನೇ ಎಳ್ಕೋತೀಯ. ನನ್ನ ಬೆನ್ನ ಮೇಲೆ ಹತ್ತು!"

"ಪೆಟ್ಟಿಗೆ?"

"ಹಾಳಾಗ್ಲಿ ಪೆಟ್ಟಿಗೆ!"

ಎಲೆಯ ಪೆಟ್ಟಿಗೆ, ಕ್ಯಾನು ಎರಡೂ ಹುಲ್ಲಿನಲ್ಲೇ ಉಳಿದವು. ಅವನನ್ನು ಹೊತ್ತು ಅಕ್ಕ ಇಳಿದಳು. ಜಲ್ಲಿ ಜಾರಿತು, ಮೊಣಕಾಲು ತರಚಿತು. ಕಿವಿಯ ಹತ್ತಿರ ಆ ಸಿಳ್ಳೆ ಸಣ್ಣದಾಗುತ್ತಾ ಹೋದಂತೆ ಅವಳಿಗೆ ಅಳುವೇ ಬಂತು. ಸುತ್ತ ಬಿಸಿಲು ಮಾತ್ರ ಏನೂ ಆಗದಂತೆ ಹೊಳೆಯುತ್ತಿತ್ತು.

ಕೆಳಗಿನಿಂದ ಮಾವ ಅವರನ್ನು ಕಂಡು, ಇನ್‌ಹೇಲರ್ ಹಿಡಿದು ಏರಿ ಬಂದರು. ಒಂದು ಸಲ. ಇನ್ನೊಂದು ಸಲ. ತಮ್ಮನ ತುಟಿಗೆ ಬಣ್ಣ ಮರಳಿತು.

ಜೀಪಿನ ಹಿಂದಿನ ಸೀಟಿನಲ್ಲಿ ಅವನು ಬಿಗಿದಿದ್ದ ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಮುದುಡಿದ ಕ್ಲೋವರ್ ಕುಡಿ, ಬಿಳಿ ಚುಕ್ಕೆಗಳ ಸಮೇತ.

"ಸಾಕ್ಷಿಗೆ ಅಂತ ತಂದ್ಯಾ?"

"ಇಲ್ಲ. ನಾನೇ ನೀರು ಹಾಕಿ ಸಾಯಿಸಿದ್ದು. ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ."

ಅಕ್ಕ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು.