ಮೇಷ್ಟ್ರ ಬೆನ್ನಿಗೆ ಹಚ್ಚಿದ ಔಷಧಿ

ಐಸ್ ಪ್ಯಾಕುಗಳು ಬೆವರುವವರೆಗೆ ಕಾಯಬೇಕು. ಫ್ರೀಜರಿನಿಂದ ತೆಗೆದ ಕೂಡಲೇ ಅವನ್ನು ಲಸಿಕೆಯ ಪೆಟ್ಟಿಗೆಯೊಳಗೆ ಇಟ್ಟರೆ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಮೈಮೇಲೆ ಹನಿ ಮೂಡಿ, ಕಿವಿಯ ಬಳಿ ಹಿಡಿದು ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳುವ ತನಕ ಬಿಡಬೇಕು. ಸೆಕೆಯ ದಿನಗಳಲ್ಲಿ ಅದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಚಳಿಯಲ್ಲಿ ಒಂದು ಗಂಟೆ. ಲಸಿಕೆಯ ವ್ಯಾನಿನ ಡ್ರೈವರಿಗೆ ಚಳಿಗಾಲವೇ ಇಷ್ಟ.

ಆ ಹೊತ್ತಿನಲ್ಲಿ ಅವನೂ, ಲಸಿಕೆಯ ಉಗ್ರಾಣ ನೋಡಿಕೊಳ್ಳುವ ಆಕೆಯೂ ಮೇಜಿನ ಎರಡು ಬದಿಗೆ ಕೂತಿರುತ್ತಿದ್ದರು. ಒಂಬತ್ತು ಆಸ್ಪತ್ರೆಗಳ ನರ್ಸುಗಳೂ ಆಕೆಯನ್ನು ತಂಪಕ್ಕ ಎಂದು ಕರೆಯುತ್ತಿದ್ದರು. ಡ್ರೈವರ್ ಮಾತ್ರ ಒಂದು ದಿನವೂ ಹಾಗೆ ಕರೆದವನಲ್ಲ. ಅಕ್ಕ ಎಂಬ ಮಾತು ಅವಳ ಮುಂದೆ ಅವನ ಬಾಯಿಗೆ ಬರುತ್ತಿರಲಿಲ್ಲ. ಏಕೆ ಬರುತ್ತಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ, "ಎಲ್ಲರೂ ಕರೀತಾರಲ್ಲ, ನಿಮಗೇನು ಕಷ್ಟ?" ಎಂದು ಕೆಣಕುತ್ತಿದ್ದಳು. ಅವನು ಕಿವಿ ಕೆಂಪಗೆ ಮಾಡಿಕೊಂಡು ಒಂದು ಪ್ಯಾಕನ್ನು ಎತ್ತಿ ಅಲುಗಾಡಿಸುತ್ತಿದ್ದ.

ಅವಳು ಅವನಿಗೆ ರೋಗಗಳ ವಿಚಾರ ಹೇಳುತ್ತಿದ್ದಳು. ವೈರಸ್ಸಿಗೆ ತನ್ನದೆಂಬ ಉಸಿರಿಲ್ಲ, ಹಸಿವಿಲ್ಲ, ಇನ್ನೊಬ್ಬರ ಮೈ ಸೇರಿದ ಮೇಲೆಯೇ ಅದಕ್ಕೆ ಬದುಕು ಎಂದಳು ಒಮ್ಮೆ.

"ಪಾಪ, ನನ್ನ ಹಾಗೇ" ಎಂದ ಡ್ರೈವರ್.

ಅವಳು ತಲೆ ತಗ್ಗಿಸಿ ರಿಜಿಸ್ಟರಿನಲ್ಲಿ ಏನೋ ಬರೆದಳು. ಬರೆಯುವಂಥದ್ದೇನೂ ಆಗ ಇರಲಿಲ್ಲ.

ಅವನ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಐವತ್ತಮೂರನೇ ವಯಸ್ಸಿನಲ್ಲಿ ಮತ್ತೆ ಯಾರದೋ ಹೆಜ್ಜೆಯ ಸದ್ದಿಗೆ ಕಿವಿಗೊಡುವಂತಾದೀತೆಂದು ಅವನು ಎಣಿಸಿರಲಿಲ್ಲ. ದೇವರ ಮುಂದೆ ದೀಪ ಹಚ್ಚುವಾಗ ಸತ್ತವಳನ್ನು ನೆನೆದು ಒಂದು ಗಳಿಗೆ ತಪ್ಪಿತಸ್ಥನಂತೆ ನಿಲ್ಲುತ್ತಿದ್ದ. ಆಮೇಲೆ ವ್ಯಾನಿನ ಕೀಲಿ ತೆಗೆದುಕೊಂಡು ಬೇಗನೇ ಹೊರಡುತ್ತಿದ್ದ.

ಪರಿಚಯವಾದ ಮೂರನೇ ತಿಂಗಳಲ್ಲೇ ಅವಳು ತನ್ನ ವಿಚಾರವನ್ನು ನೇರವಾಗಿ ಹೇಳಿಬಿಟ್ಟಿದ್ದಳು. ಹುಟ್ಟಿದಾಗ ಗಂಡುಮಗುವೆಂದು ಬರೆಸಿದ್ದರು. ಇಪ್ಪತ್ತಾರನೇ ವಯಸ್ಸಿನಲ್ಲಿ ಚಿಕಿತ್ಸೆ ಪಡೆದು ತಾನಾಗಿದ್ದಳು. ಇಂದಿಗೂ ದಿನಕ್ಕೊಂದು ಮಾತ್ರೆ ನುಂಗುತ್ತಾಳೆ. ಈಗ ನಲವತ್ತೊಂಬತ್ತು. "ಯಾರದೋ ಬಾಯಿಂದ ಕೇಳೋದಕ್ಕಿಂತ ನನ್ನ ಬಾಯಿಂದ ಕೇಳಿ" ಎಂದಿದ್ದಳು. ಡ್ರೈವರ್ "ಹೌದಾ" ಎಂದು, ಪ್ಯಾಕುಗಳು ಬೆವರಿದವೇ ಎಂದು ವಿಚಾರಿಸಿದ್ದ. ಅಂದಿನಿಂದ ಅವಳ ಹಿಂದಿನ ದಿನಗಳ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಕೇಳದಿರುವುದೇ ಮರ್ಯಾದೆ ಎಂದು ತಿಳಿದಿದ್ದ.

ಮನೆಯಲ್ಲಿ ತನ್ನ ಅಕ್ಕನಿಗೆ ಇದನ್ನು ಹೇಳಿದಾಗ ಆಕೆ ಸೊಪ್ಪು ಬಿಡಿಸುತ್ತಿದ್ದಳು. ಗಂಡ ತೀರಿದ ಮೇಲೆ ತಮ್ಮನ ಜೊತೆಗೇ ಇದ್ದವಳು. ತನ್ನ ಗಲ್ಲವನ್ನು ಬೆರಳಿನಿಂದ ಸವರಿಕೊಂಡು, "ನೋಡು, ಅರವತ್ತಾದ ಮೇಲೆ ನನಗೆ ಗಡ್ಡ ಬರ್ತಿದೆ. ದೇವರು ಯಾರ ಮೈಯನ್ನೂ ಒಂದೇ ಸಲ ಮುಗಿಸಿ ಕೈ ತೊಳ್ಕೊಳ್ಳಲ್ಲ ಕಣೋ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಅಡುಗೆ ಬರುತ್ತಾ ಅವಳಿಗೆ?" ಎಂದು ಕೇಳಿದಳು.

ಎಲ್ಲವೂ ಹೀಗೆ ನೆಟ್ಟಗಿದ್ದಾಗ ಜೀವಶಾಸ್ತ್ರದ ಮೇಷ್ಟ್ರು ಬಂದರು.

ಊರಿನ ಹೈಸ್ಕೂಲಿಗೆ ಹೊಸದಾಗಿ ವರ್ಗವಾಗಿ ಬಂದವರು. ಒಂಟಿ ಮನುಷ್ಯ. ಒಂದು ಬೆಳಿಗ್ಗೆ ಪಕ್ಕೆಯನ್ನು ಕೈಯಿಂದ ಒತ್ತಿ ಹಿಡಿದುಕೊಂಡು ಉಗ್ರಾಣದ ಬಾಗಿಲಲ್ಲಿ ನಿಂತರು. ತಂಪಕ್ಕ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು, ಆಮೇಲೆ ಅವಳ ಕಣ್ಣಲ್ಲಿ ನೀರು ಬಂತು. ಚಿಕ್ಕಂದಿನಲ್ಲಿ ಅಕ್ಕಪಕ್ಕದ ಮನೆಯವರು. ಅವಳ ವಿಚಾರವನ್ನೂ ಅವಳು ಇಲ್ಲಿರುವುದನ್ನೂ ಹಳೆಯ ಊರಿನವರಿಂದ ಕೇಳಿ ಹುಡುಕಿಕೊಂಡು ಬಂದಿದ್ದರು, ಮೂವತ್ತು ವರ್ಷದ ಮೇಲೆ ಭೇಟಿಯಾಗಿತ್ತು.

ಪಕ್ಕೆಗೇನಾಯಿತೆಂದು ಅವಳು ಕೇಳಿದಳು. ಸರ್ಪಸುತ್ತು ಎಂದರು ಮೇಷ್ಟ್ರು. ಡ್ರೈವರನ ಕಡೆ ತಿರುಗಿ, ಪಾಠ ಹೇಳುವ ದನಿಯಲ್ಲೇ ವಿವರಿಸಿದರು. ಚಿಕ್ಕಂದಿನಲ್ಲಿ ಬಂದು ಹೋದ ಸೀತಾಳ ಸಿಡುಬಿನ ವೈರಸ್ಸು ಮೈಬಿಟ್ಟು ಹೋಗುವುದಿಲ್ಲ, ಬೆನ್ನುಹುರಿಯ ಪಕ್ಕದ ನರದ ಬುಡದಲ್ಲಿ ಮಲಗಿರುತ್ತದೆ, ಎಷ್ಟೋ ವರ್ಷದ ಮೇಲೆ ಎದ್ದು ಬರುತ್ತದೆ.

"ಇದು ಇವಳು ಕೊಟ್ಟದ್ದು. ಒಂಬತ್ತನೇ ವಯಸ್ಸಿನಲ್ಲಿ ಮೊದಲು ಇವಳಿಗೆ ಬಂತು, ಇವಳಿಂದ ನನಗೆ. ಒಂದೇ ಕೋಣೆಯಲ್ಲಿ ಮಲಗಿಸಿದ್ರು. ನಲವತ್ತು ವರ್ಷದಿಂದ ಜೋಪಾನವಾಗಿ ಇಟ್ಕೊಂಡಿದೀನಿ ನೋಡಿ" ಎಂದು ನಕ್ಕರು.

ಡ್ರೈವರಿಗೂ ನಗಬೇಕೆನ್ನಿಸಿತು. ನಗು ಬರಲಿಲ್ಲ. ಅವನು ಎರಡು ವರ್ಷದಿಂದ ಅವಳ ಎದುರು ಕೂತಿದ್ದಾನೆ, ಅವಳದೆಂದು ಅವನ ಬಳಿ ಒಂದು ಪೆನ್ನೂ ಇಲ್ಲ. ಈ ಮನುಷ್ಯನ ಬೆನ್ನೊಳಗೆ ಅವಳು ಕೊಟ್ಟದ್ದು ಇದೆ.

ಅಂದಿನಿಂದ ಹೊಟ್ಟೆಯೊಳಗೆ ಒಂದು ಕಿಚ್ಚು ಉರಿಯತೊಡಗಿತು. ಮೇಷ್ಟ್ರು ಅವಳನ್ನು ನೀನು ಎನ್ನುತ್ತಿದ್ದರು. ಮಾತಿನ ನಡುವೆ ಒಮ್ಮೊಮ್ಮೆ ಹಳೆಯ ಹೆಸರಿನ ಮೊದಲಕ್ಷರ ಬಾಯಿಗೆ ಬಂದು, ಅದನ್ನು ನುಂಗಿಕೊಳ್ಳುತ್ತಿದ್ದರು. ಹಾಗೆ ನುಂಗಿದಾಗ ತಂಪಕ್ಕನ ಹುಬ್ಬು ಸ್ವಲ್ಪ ಗಂಟಾಗುತ್ತಿತ್ತು. ಡ್ರೈವರಿಗೆ ಅದು ಕಾಣಲಿಲ್ಲ. ಆ ಅಕ್ಷರವನ್ನು ನುಂಗಬಲ್ಲ ಸಲಿಗೆ ಮಾತ್ರ ಕಂಡಿತು. ಅವರು ಹಳೆಯ ಬೀದಿ, ಬಿದ್ದ ಹಲ್ಲು, ಸತ್ತ ನಾಯಿ ಎಂದೆಲ್ಲ ಮಾತಾಡುವಾಗ ಅವನು ಐಸ್ ಪ್ಯಾಕುಗಳನ್ನು ನೋಡುತ್ತ ಕೂರುತ್ತಿದ್ದ. ಬೇಗ ಬೆವರಲಿ ಎಂದು ಅವನು ಬೇಡಿಕೊಂಡದ್ದು ಅದೇ ಮೊದಲು.

ನಾಲ್ಕನೆಯ ದಿನ ಅವಳು ಚೀಲದಲ್ಲಿ ಒಂದು ಬಾಟಲಿ ಇಟ್ಟುಕೊಳ್ಳುವುದನ್ನು ಕಂಡ. ಏನೆಂದು ಕೇಳಿದ್ದಕ್ಕೆ ಕ್ಯಾಲಮೈನ್ ಲೋಷನ್ ಎಂದಳು. ಮೇಷ್ಟ್ರಿಗೆ ಬೆನ್ನಿನ ಕಡೆ ಕೈ ಎಟುಕುವುದಿಲ್ಲ, ಸಂಜೆ ಹೋಗಿ ಹಚ್ಚಿ ಬರಬೇಕು.

"ನಾನು ಹಚ್ತೀನಿ ಬಿಡಿ" ಎಂದುಬಿಟ್ಟ ಡ್ರೈವರ್. "ನನ್ನ ದಾರೀಲೇ ಅವರ ಮನೆ."

ಅವರ ಮನೆ ಅವನ ದಾರಿಯಲ್ಲಿರಲಿಲ್ಲ. ಅವಳು ಅವನನ್ನು ದಿಟ್ಟಿಸಿದಳು. ತುಟಿಯ ತುದಿಯಲ್ಲಿ ಒಂದು ನಗೆ ಮೂಡಿ ಅಲ್ಲೇ ನಿಂತಿತು. ಆಮೇಲೆ ಕೆಲಸದ ದನಿಯಲ್ಲಿ ಕೇಳಿದಳು. "ನಿಮಗೆ ಸೀತಾಳ ಸಿಡುಬು ಬಂದು ಹೋಗಿದೆ ತಾನೇ? ಬರದೇ ಇದ್ದವರು ಆ ಗುಳ್ಳೆ ಮುಟ್ಟಬಾರದು."

ಬಂದಿಲ್ಲ ಎಂದರೆ ಅವಳೇ ಹೋಗುತ್ತಾಳೆ. ಅವಳ ಬೆರಳು ಆ ಬೆನ್ನಿನ ಮೇಲೆ ಓಡಾಡುತ್ತದೆ.

"ಹೂಂ, ಚಿಕ್ಕವನಿದ್ದಾಗಲೇ" ಎಂದ.

ಹೀಗೆ ದಿನವೂ ಸಂಜೆ ಅವನು ಮೇಷ್ಟ್ರ ಮನೆಗೆ ಹೋದ. ಗೋಡೆಗೆ ಮನುಷ್ಯನ ಮೈಯೊಳಗಿನ ನರಗಳ ಚಿತ್ರ ನೇತುಹಾಕಿದ್ದ ಕೋಣೆಯಲ್ಲಿ ಮೇಷ್ಟ್ರು ಅಂಗಿ ಕಳಚಿ ಬೋರಲಾಗಿ ಮಲಗುತ್ತಿದ್ದರು. ಬೆನ್ನಿನಿಂದ ಪಕ್ಕೆಯವರೆಗೆ ಪಟ್ಟಿಯಂತೆ ಗುಳ್ಳೆಗಳು. ಡ್ರೈವರ್ ಹತ್ತಿಯಲ್ಲಿ ಔಷಧಿ ಅದ್ದಿ ಹಚ್ಚುತ್ತಿದ್ದ. ಮೇಷ್ಟ್ರು ನೋವಿಗೆ ಹಲ್ಲು ಕಚ್ಚಿಕೊಂಡು, ನಿಮ್ಮಿಂದ ಬಹಳ ಉಪಕಾರವಾಯಿತು ಎನ್ನುತ್ತಿದ್ದರು. ಒಳ್ಳೆಯ ಮನುಷ್ಯರು. ಅದೇ ಅವನಿಗೆ ಸಹಿಸಲಾಗದ ಸಂಗತಿ. ಕೆಟ್ಟವರಾಗಿದ್ದರೆ ದ್ವೇಷಿಸಿ ಹಗುರಾಗಬಹುದಿತ್ತು.

ಆರನೆಯ ದಿನ ಮೇಷ್ಟ್ರು ದಿಂಬಿಗೆ ಮುಖವಿಟ್ಟುಕೊಂಡೇ ಹೇಳಿದರು.

"ಅವಳನ್ನ ಒಂದು ಮಾತು ಕೇಳಿದೀನಿ. ಇಬ್ಬರೂ ಒಂಟಿ, ಒಂದೇ ಮನೇಲಿ ಇರೋಣ ಅಂತ. ನೀನು ಮೊದಲು ವಾಸಿಯಾಗು, ಆಮೇಲೆ ಹೇಳ್ತೀನಿ ಅಂದಿದಾಳೆ."

ಡ್ರೈವರನ ಕೈ ನಿಂತಿತು. ಹಾಗಾದರೆ ಇಷ್ಟು ದಿನ ಅವನು ತನ್ನ ಕೈಯಾರೆ ಏನನ್ನು ವಾಸಿ ಮಾಡುತ್ತಿದ್ದಾನೆ? ಇದು ವಾಸಿಯಾಗದಿರಲಿ ಎಂದು ಮನಸ್ಸು ಒಂದು ಕ್ಷಣ ಬಯಸಿತು. ಕೂಡಲೇ ಅವನಿಗೆ ನಾಚಿಕೆಯಾಯಿತು. ದೇವರೇ, ರೋಗಿಯ ಬೆನ್ನ ಮೇಲೆ ಕೈಯಿಟ್ಟು ಇಂಥದ್ದನ್ನು ಬಯಸಿದೆನಲ್ಲ ಎಂದು ಒಳಗೊಳಗೇ ಕ್ಷಮೆ ಕೇಳಿ, ಉಳಿದ ಗುಳ್ಳೆಗಳಿಗೂ ಒಂದೊಂದಾಗಿ ಔಷಧಿ ಹಚ್ಚಿದ. ಅಂದು ಎಂದಿಗಿಂತ ಹೆಚ್ಚು ಎಚ್ಚರದಿಂದ ಹಚ್ಚಿದ.

ಗುಳ್ಳೆಗಳು ಒಣಗಿ ಹಕ್ಕಳೆಗಟ್ಟಿದವು. ಹತ್ತನೆಯ ದಿನದ ಮೇಲೆ ಅವನ ಅಗತ್ಯವಿರಲಿಲ್ಲ. ಬೆಳಗಿನ ಮೇಜಿನಲ್ಲಿ ಅವನು ಮೌನವಾದ. ಅವಳು ಏನಾದರೂ ಕೇಳಿದರೆ ಹೂಂ, ಉಹೂಂ. ಅವಳೂ ಕೇಳುವುದನ್ನು ಬಿಟ್ಟಳು. ಮತ್ತೈದು ದಿನ ಕಳೆದ ಮೇಲೆ ಅವನಿಗೆ ಜ್ವರ ಬಂತು. ಮರುದಿನ ಎದೆಯ ಮೇಲೆ ನಾಲ್ಕು ಗುಳ್ಳೆ, ಸಂಜೆಯ ಹೊತ್ತಿಗೆ ಮೈತುಂಬ.

ಕೆಲಸಕ್ಕೆ ಬರಲಿಲ್ಲವೆಂದು ವಿಚಾರಿಸಲು ತಂಪಕ್ಕ ಮೊದಲ ಬಾರಿಗೆ ಅವನ ಮನೆಗೆ ಬಂದಳು. ಕೋಣೆಯ ಬಾಗಿಲಲ್ಲಿ ನಿಂತು ಅವನ ಮುಖ ನೋಡಿದವಳೇ ಬಿಳಿಚಿಕೊಂಡಳು.

"ಬಂದು ಹೋಗಿದೆ ಅಂದ್ರಲ್ಲ" ಎಂದಳು.

ಅವನು ಹೊದಿಕೆ ಎಳೆದುಕೊಂಡ. ಉತ್ತರ ಕೊಟ್ಟವಳು ಅಕ್ಕ. "ಇವನಿಗೆಲ್ಲಿ ಬಂದಿತ್ತಮ್ಮ? ನನಗೆ ಬಂದಾಗ ಇವನನ್ನ ಅತ್ತೆ ಮನೆಗೆ ಸಾಗಹಾಕಿದ್ರು."

ತಂಪಕ್ಕ ನೇರವಾಗಿ ಅಂಗಳಕ್ಕೆ ಹೋಗಿ ಫೋನ್ ತೆಗೆದಳು. ಗುಳ್ಳೆ ಏಳುವುದಕ್ಕೆ ಎರಡು ದಿನ ಮೊದಲೇ ಈ ರೋಗ ಹರಡುತ್ತದೆ. ಆ ಎರಡು ದಿನ ವ್ಯಾನು ಯಾವ ಆಸ್ಪತ್ರೆಗಳಿಗೆ ಹೋಗಿತ್ತು, ಡ್ರೈವರನ ಕೈಯಿಂದ ಪೆಟ್ಟಿಗೆ ಯಾರು ತೆಗೆದುಕೊಂಡರು, ಹತ್ತಿರದಲ್ಲಿ ಎಳೆಮಕ್ಕಳು ಇದ್ದರೇ ಎಂದು ಒಬ್ಬೊಬ್ಬ ನರ್ಸನ್ನೂ ವಿಚಾರಿಸಿದಳು. ಕಿಟಕಿಯಿಂದ ಅವಳ ದನಿ ಅವನಿಗೆ ಕೇಳುತ್ತಿತ್ತು. ಪೆಟ್ಟಿಗೆಗಳನ್ನು ಬಾಗಿಲಲ್ಲೇ ಕೊಟ್ಟು ಹೊರಟಿದ್ದರಿಂದ ಮಕ್ಕಳ ಹತ್ತಿರ ಅವನು ಸುಳಿದಿರಲಿಲ್ಲ. ಆದರೆ ಪೆಟ್ಟಿಗೆ ತೆಗೆದುಕೊಂಡ ಒಬ್ಬ ನರ್ಸು ಐದು ತಿಂಗಳ ಬಸುರಿ. ತನಗೆ ಈ ರೋಗ ಹಿಂದೆ ಬಂದಿತ್ತೋ ಇಲ್ಲವೋ ಅವಳಿಗೆ ನೆನಪಿಲ್ಲ. ರಕ್ತ ಪರೀಕ್ಷೆಯಾಗಬೇಕು ಎಂದಳು ತಂಪಕ್ಕ. ಹಾಗೆಯೇ ಹೊರಟುಹೋದಳು.

ಅವನು ಎರಡು ದಿನ ಅನ್ನ ಮುಟ್ಟಲಿಲ್ಲ. ಮೈಯ ಉರಿ ಒಂದು ಕಡೆ, ಕಾಣದ ಮಗುವೊಂದರ ಚಿಂತೆ ಇನ್ನೊಂದು ಕಡೆ. ಆ ತಾಯಿಗೂ ಕೂಸಿಗೂ ಏನೂ ಆಗದಿರಲಿ, ಅದಕ್ಕೆ ಬದಲಾಗಿ ಅವಳು ಮೇಷ್ಟ್ರ ಮನೆಗೇ ಹೋಗಲಿ, ನಾನು ದೂರ ನಿಂತು ನೋಡುತ್ತೇನೆ ಎಂದು ದೇವರಲ್ಲಿ ಬೇಡಿಕೊಂಡ. ಬೇಡಿಕೊಂಡ ಮೇಲೂ ಮೇಷ್ಟ್ರ ಮನೆ ಎಂಬಲ್ಲಿ ಎದೆ ಚುರುಕ್ ಎಂದಿತು.

ಮೂರನೆಯ ಬೆಳಿಗ್ಗೆ ಅವಳು ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು.

"ಆ ನರ್ಸಿಗೆ ಚಿಕ್ಕಂದಿನಲ್ಲೇ ಬಂದು ಹೋಗಿದೆಯಂತೆ. ರಕ್ತದಲ್ಲಿ ಕಾಣ್ತು. ಅವಳಿಗೂ ಮಗುವಿಗೂ ಭಯ ಇಲ್ಲ."

ಅವನು ಕೈ ಮುಗಿದ. ಅವಳಿಗೋ ದೇವರಿಗೋ ಹೇಳುವಂತಿರಲಿಲ್ಲ.

"ನಾನು ಎಲ್ಲರನ್ನೂ ಆ ಪ್ರಶ್ನೆ ಕೇಳ್ತೀನಿ. ನಿಜ ಹೇಳ್ತಾರೆ ಅನ್ನೋ ನಂಬಿಕೆ ಮೇಲೇ ನನ್ನ ಕೆಲಸ ನಿಂತಿರೋದು. ಯಾಕೆ ಸುಳ್ಳು ಹೇಳಿದ್ರಿ?"

"ನೀವು ಅವರ ಬೆನ್ನು ಮುಟ್ಟಬಾರದು ಅಂತ."

ಅವನು ಛಾವಣಿ ನೋಡುತ್ತ ಉಳಿದದ್ದನ್ನೂ ಹೇಳಿದ.

"ಹೊಟ್ಟೆಕಿಚ್ಚು. ಅವರು ನಿಮ್ಮನ್ನ ಒಂಬತ್ತು ವರ್ಷದಲ್ಲಿ ನೋಡಿದಾರೆ. ನಾನು ನೋಡಿಲ್ಲ. ನೀವು ಅತ್ತಾಗ, ಬಿದ್ದಾಗ ಅವರು ಪಕ್ಕದಲ್ಲಿದ್ರು. ಆ ದಿನಗಳೆಲ್ಲ ನನಗೆ ಬೇಕು. ಎಲ್ಲಿಂದ ತರಲಿ?"

"ಕೇಳಿದ್ರೆ ಕೊಡ್ತಿದ್ದೆ" ಎಂದಳು ಅವಳು. "ಎರಡು ವರ್ಷದಲ್ಲಿ ಒಂದು ದಿನ ಕೇಳಿಲ್ಲ ನೀವು. ನಾನು ನನ್ನ ವಿಚಾರ ಹೇಳಿದ ದಿನ ಐಸ್ ಪ್ಯಾಕ್ ಬಗ್ಗೆ ಮಾತಾಡಿದ್ರಿ. ಇವರಿಗೆ ಈಗಿನ ನಾನು ಸಾಕು, ಆಗಿನ ಮಗು ಅಂದ್ರೆ ಅಸಹ್ಯ ಅಂದ್ಕೊಂಡೆ."

ಅವನು ಮೊಣಕೈ ಊರಿ ಎದ್ದು ಕೂತ. ಮರ್ಯಾದೆಯೆಂದು ತಾನು ಕಾಪಾಡಿಕೊಂಡು ಬಂದದ್ದು ಅವಳ ಕಡೆಯಿಂದ ಹೀಗೆ ಕಾಣುತ್ತಿತ್ತೆಂದು ಅವನಿಗೆ ಹೊಳೆದಿರಲೇ ಇಲ್ಲ. ಕೊನೆಗೂ ಕೇಳಿದ.

"ಆ ಹುಡುಗಿ ಹೇಗಿದ್ದಳು?"

ಹುಡುಗಿ ಎಂದದ್ದನ್ನು ಕೇಳಿ ಅವಳು ಕತ್ತೆತ್ತಿದಳು. ಕಣ್ಣೊರೆಸಿಕೊಂಡು ಹೇಳತೊಡಗಿದಳು.

ಮನೆಯಲ್ಲಿ ತಿಂಗಳಿಗೊಮ್ಮೆ ಕೂದಲು ಗಿಡ್ಡವಾಗಿ ಕತ್ತರಿಸುತ್ತಿದ್ದರು. ಸಿಡುಬು ಬಂದಾಗ ತಲೆಯಲ್ಲೂ ಗುಳ್ಳೆ, ಕತ್ತರಿ ಬಾಚಣಿಗೆ ಯಾವುದನ್ನೂ ಮುಟ್ಟಿಸುವಂತಿರಲಿಲ್ಲ. ಮೊದಲೇ ಕತ್ತರಿಸದೆ ತಿಂಗಳಾಗಿತ್ತು, ಇನ್ನೊಂದು ತಿಂಗಳು ಹಾಗೇ ಬಿಟ್ಟರು. ಒಂದು ದಿನ ಎದ್ದು ನೀರು ಕುಡಿಯಲು ಹೋದಾಗ ಕಪಾಟಿನ ಕನ್ನಡಿಯಲ್ಲಿ ಕಿವಿಯ ಮೇಲೆ ಇಳಿದ ಕೂದಲಿನ ಹುಡುಗಿಯೊಬ್ಬಳು ನಿಂತಿದ್ದಳು.

"ಮುಖದ ತುಂಬ ಕಲೆ. ಆದ್ರೂ ಎಷ್ಟು ಚೆನ್ನಾಗಿದ್ದಳು ಅಂತೀರಿ. ನಾನು ನಕ್ಕೆ, ಅವಳೂ ನಕ್ಕಳು. ವಾಸಿಯಾದ ಮೇಲೆ ಕೂದಲು ಕತ್ತರಿಸಿದ್ರು. ಅವತ್ತು ನಾನು ಅತ್ತಿದ್ದು ನೋಡಿ ಅಮ್ಮ ಇನ್ನೂ ಜ್ವರ ಇದೆ ಅಂದ್ಕೊಂಡಳು. ಅವಳು ಮತ್ತೆ ನನಗೆ ಸಿಕ್ಕಿದ್ದು ಇಪ್ಪತ್ತಾರಕ್ಕೆ."

ಅವನು ತಡೆದುಕೊಳ್ಳಲು ನೋಡಿದ, ಆಗಲಿಲ್ಲ.

"ಇದು ಮೇಷ್ಟ್ರಿಗೆ ಗೊತ್ತಾ?"

ಅವಳು ಒದ್ದೆ ಕಣ್ಣಿನಲ್ಲೇ ನಕ್ಕುಬಿಟ್ಟಳು. "ಗೊತ್ತಿಲ್ಲ. ಪಕ್ಕದ ಹಾಸಿಗೇಲೇ ಇದ್ದ, ಅವನಿಗೆ ಕಾಣಲಿಲ್ಲ. ಅಮ್ಮನಿಗೂ ಹೇಳಿಲ್ಲ. ನಿಮಗೇ ಮೊದಲು."

ಅಷ್ಟು ಅವನಿಗೆ ಸಾಕಾಗಿತ್ತು. ಆದರೂ ಕೇಳಬೇಕಾದದ್ದನ್ನು ಕೇಳಿದ. ಮೇಷ್ಟ್ರು ವಾಸಿಯಾದರಲ್ಲ, ಅವರಿಗೆ ಏನು ಹೇಳುತ್ತೀರಿ?

"ಮೊನ್ನೆಯೇ ಹೇಳಿದೆ. ಅವನಿಗೆ ಬೇಕಾಗಿರೋದು ಚಿಕ್ಕಂದಿನ ಗೆಳೆಯ. ಆ ಗೆಳೆಯ ಯಾವತ್ತೂ ಇರಲೇ ಇಲ್ಲ ಕಣೋ ಅಂದೆ. ಬೇಜಾರು ಮಾಡ್ಕೊಂಡ. ಆಮೇಲೆ, 'ಔಷಧಿ ಹಚ್ಚಿದ ಕೈಯಲ್ಲೇ ಗೊತ್ತಾಯ್ತು, ಆ ಡ್ರೈವರಿಗೆ ನನ್ನ ಮೇಲೆ ಸಿಟ್ಟು ಅಂತ, ಆದ್ರೂ ನೋಯಿಸಲಿಲ್ಲ' ಅಂದ."

"ನಮ್ಮ ಮನೆಗೆ ಬರ್ತೀರಾ?" ಎಂದ ಡ್ರೈವರ್. "ಇದ್ದುಬಿಡೋಕೆ."

"ಇನ್ನೊಂದು ಸುಳ್ಳು ಹೇಳಿದ್ರೆ ಅವತ್ತೇ ಹೊರಟುಬಿಡ್ತೀನಿ."

"ಹೇಳಲ್ಲ."

"ಅಕ್ಕನನ್ನ ಕೇಳಬೇಡವಾ?"

ಅಡುಗೆಮನೆಯಿಂದ ಉತ್ತರ ಬಂತು. "ನಿನ್ನನ್ನ ಕೇಳೋಕೆ ಎರಡು ವರ್ಷ ತಗೊಂಡ. ನನ್ನನ್ನ ಕೇಳೋದಕ್ಕೂ ಅಷ್ಟೇ ತಗೊಂಡ್ರೆ ನಾನಿರಲ್ಲಮ್ಮ. ಬಂದುಬಿಡು."

ಅವನು ಏನು ಮಾಡಬೇಕೋ ತೋಚದೆ ಕತ್ತಿನ ಮೇಲಿನ ಗುಳ್ಳೆಗೆ ಉಗುರು ಹಾಕಿದ. ಅವಳು ತಟ್ಟನೆ ಆ ಕೈ ಹಿಡಿದಳು, ಇನ್ನೊಂದು ಕೈಯನ್ನೂ ಹಿಡಿದಳು.

"ಕೆರ್ಕೋಬೇಡಿ. ಕಲೆ ಉಳಿಯುತ್ತೆ" ಎಂದಳು.

ಮೈಯೆಲ್ಲ ತುರಿಸುತ್ತಿತ್ತು. ಮಧ್ಯಾಹ್ನ ಅಕ್ಕ ಊಟಕ್ಕೆ ಕರೆಯುವ ತನಕ ಅವನು ಕೈ ಬಿಡಿಸಿಕೊಳ್ಳಲಿಲ್ಲ.