ಮಾತಾಡಬಾರದ ಒಂಬತ್ತನೇ ಇನ್ನಿಂಗ್ಸ್

"ಬಾಯಿ ಬಿಟ್ಟೀರಾ, ಜೋಕೆ!" ಆಚೆ ಮೂಲೆಯಿಂದ ನಿತ್ಯಾನಂದ ಗದರಿದ.

ವಾರಿಜಾಗೆ ಮೈಯೆಲ್ಲ ಉರಿಯಿತು. ಮೂರು ವಾರದಿಂದ ಒಂದು ಮಾತಿಲ್ಲ, ಇವತ್ತು ಬಾಯಿ ತೆರೆದದ್ದು ಇದಕ್ಕೆ!

ಮಲೇಷ್ಯಾದ ಸೈಬರ್‌ಜಯಾದ ಆ ಆಫೀಸಿನಲ್ಲಿ ಇಬ್ಬರದೂ ಒಂದೇ ಕೆಲಸ. ಜಪಾನಿನ ಬೇಸ್‌ಬಾಲ್ ಲೈವ್ ನೋಡುತ್ತ ಒಂದೊಂದು ಎಸೆತವನ್ನೂ ಕಂಪ್ಯೂಟರಿಗೆ ಏರಿಸಬೇಕು. ಅವಳು ಒತ್ತುವುದು, ಅವನು ಸರಿ ನೋಡುವುದು. ಈ ಭಾನುವಾರ ಚೆಂಡೆಸೆಯುವ ಪಿಚರ್ ಒಬ್ಬ ಎದುರಾಳಿಗೆ ಒಂದೂ ಹಿಟ್ ಕೊಡದೆ ಎಂಟು ಇನ್ನಿಂಗ್ಸ್ ಮುಗಿಸಿದ್ದ. ಒಂಬತ್ತನೆಯದೂ ಹೀಗೇ ಮುಗಿದರೆ ನೋ-ಹಿಟರ್. ಅಂಥ ಹೊತ್ತಿನಲ್ಲಿ ತಂಡದವರು ಆ ಹೆಸರೆತ್ತಬಾರದು, ಪಿಚರ್ ಪಕ್ಕ ಕೂರಬಾರದು, ಅವನನ್ನು ಮಾತಾಡಿಸಬಾರದು. ನೋಡುವವರು ಮಾತಾಡಿದರೂ ದೃಷ್ಟಿ ತಾಗುತ್ತದೆ ಎಂದು ನಿತ್ಯಾನಂದನ ನಂಬಿಕೆ.

"ಎಂಥದು ನಿಮ್ದು? ನಾನಿಲ್ಲಿ ಮಾತಾಡಿದ್ರೆ ಜಪಾನಲ್ಲಿ ಬಾಲ್ ತಿರುಗ್ತದಾ?"

"ಟೈಪ್ ಮಾಡಿ."

"ಮಾಡ್ತೇನೆ. ಇದು ಮುಗಿದ ಕೂಡ್ಲೆ ನನ್ನನ್ನು ಕರೆದ ಸಿಂಗಾಪುರ ಆಫೀಸಿಗೆ ಬರ್ತೇನೆ ಅಂತ ಮೇಲ್ ಹಾಕ್ತೇನೆ. ನೀವು ಹಾಯಾಗಿರಿ."

ಅವನ ಕಿವಿ ಕೆಂಪಾಯಿತು. ಅವಳು ನೋಡಿಯೂ ನೋಡದಂತಿದ್ದಳು. ಬೀದಿಬದಿಯ ಮಾಮಕ್ ತಿಂಡಿ ಅಂಗಡಿಯಲ್ಲಿ ಒಂದೇ ತಟ್ಟೆಯ ರೋಟಿ ಹಂಚಿಕೊಂಡು ನಕ್ಕವನು, ಮರುದಿನವೇ ಸೀಟು ಬದಲಾಯಿಸಿ ದೂರ ಕೂತಿದ್ದ. ಅವನನ್ನು ಪ್ರೀತಿಸಿದ್ದಳು, ಅದಕ್ಕೇ ಇಷ್ಟು ಸಿಟ್ಟು.

ಒಂದು ಔಟ್. ಎರಡು ಔಟ್.

"ಯಾಕೆ ಸೀಟ್ ಬದಲಾಯಿಸಿದ್ರಿ? ಅದೊಂದು ಹೇಳಿ."

"ನಮ್ಮಿಬ್ರದು ಚೆನ್ನಾಗಿ ನಡೀತಿತ್ತಲ್ರೀ!" ಅವನೂ ರೇಗಿದ. "ಪಕ್ಕ ಕೂತು, ಏನಾದ್ರೂ ಹೇಳಿ, ಎಲ್ಲಾ ಕೆಡಿಸಿಬಿಡ್ತೀನಿ ಅಂತ ಭಯ ಆಯ್ತು."

ವಾರಿಜಾ ಕುರ್ಚಿ ತಿರುಗಿಸಿದಳು. "ನಾನೇನು ಮ್ಯಾಚಾ, ಮಾರಾಯ್ರೇ?"

ಅವನು ಎದ್ದು ಬಂದ. ಅವಳ ಪಕ್ಕದ ಕುರ್ಚಿ ಎಳೆದು ಕೂತ.

"ನೋ-ಹಿಟರ್!" ಎಂದ ಜೋರಾಗಿ. "ಇನ್ನೊಂದೇ ಔಟ್ ಬಾಕಿ. ಹೇಳಿಬಿಟ್ಟೆ. ಕೆಟ್ರೆ ಕೆಡ್ಲಿ. ನಂಗೆ ನೀವು ಇಷ್ಟ, ವಾರಿಜಾ. ಹೋಗ್ಬೇಡಿ."

ಸ್ಕ್ರೀನಿನಲ್ಲಿ ಬ್ಯಾಟು ಬೀಸಿತು. ಚೆಂಡು ಇಬ್ಬರು ಫೀಲ್ಡರುಗಳ ನಡುವೆ ಹಾದು ಹುಲ್ಲಿಗೆ ಬಿತ್ತು.

"ನೋಡಿದ್ರಾ ನಿಮ್ಮ ಬಾಯಿ!" ಎನ್ನುತ್ತ ಅವಳು ಹಿಟ್ ಎಂದು ಒತ್ತಿದಳು. ಪಿಚರ್‌ನ ಮುಖ ನೋಡಿ ಅಯ್ಯೋ ಅನಿಸಿತು. ತನಗಾದ ಸಂತೋಷಕ್ಕೆ ನಾಚಿಕೆಯೂ ಆಯಿತು.

"ಮೇಲ್?" ಅವನು ಮೆಲ್ಲಗೆ ಕೇಳಿದ.

"ಹಾಕುದಿಲ್ಲ. ಇಷ್ಟು ಸುಲಭಕ್ಕೆ ನಿಮ್ಮನ್ನು ಬಿಡ್ಲಿಕ್ಕೆ ನಂಗೇನು ಮರುಳಾ? ಪುಚೊಂಗ್‌ನಲ್ಲಿ ನನ್ನ ಮನೆ ತನಕ ಕಾರಲ್ಲಿ ಬಿಡಿ. ದಾರಿಯುದ್ದಕ್ಕೂ ಬೈಲಿಕ್ಕುಂಟು."

"ಬೈಯಿರಿ," ಎಂದ ನಿತ್ಯಾನಂದ. ಅವಳ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ.