ಎಡಕ್ಕೆ ತಿರುಗಿದಾಗ ಗುನುಗುವ ಕಾರು

ಬಾಗಲಗುಂಟೆಯ ತಮ್ಮ ಮನೆಯ ಮುಂದೆ ಅನಂತರಾಜು ಕಾರಿನ ಕೀಲಿಯನ್ನು ಪದ್ಮಶ್ರೀಯ ಅಂಗೈ ಮೇಲೆ ಇಟ್ಟರು, ಆದರೆ ಬೆರಳು ಬಿಡಲಿಲ್ಲ. ಒಂದು ಗಳಿಗೆ ಇಬ್ಬರೂ ಆ ಕೀಲಿಯನ್ನು ಹಿಡಿದು ನಿಂತಿದ್ದರು.

"ಮಾರೋ ಮನಸ್ಸಿಲ್ವಾ?" ಎಂದಳು ಪದ್ಮಶ್ರೀ.

"ಮನಸ್ಸಿದೆ. ಬೆರಳಿಗೆ ಇನ್ನೂ ಹೇಳಿಲ್ಲ."

ಅವಳು ನಕ್ಕು ಅವರ ಮುಖ ನೋಡಿದಳು. ಐವತ್ತರ ಆಸುಪಾಸು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅದರ ಒಂದು ಗುಂಡಿಗೆ ಮಾತ್ರ ನೀಲಿ ದಾರ. ತಾವೇ ಹೊಲಿದುಕೊಂಡದ್ದು ಎಂದು ನೋಡಿದರೇ ತಿಳಿಯುತ್ತಿತ್ತು. ಕಾರು ಅವರ ಹೆಂಡತಿ ಆಶಾರಾಣಿಯದು. ಆಕೆ ತೀರಿಕೊಂಡು ಮೂರು ವರ್ಷವಾಗಿತ್ತು. ಅದನ್ನು ಅವರು ಮೊದಲ ಫೋನಿನಲ್ಲೇ ಹೇಳಿದ್ದರು.

"ಸ್ಟೀರಿಂಗ್ ಎಣ್ಣೆ ಸ್ವಲ್ಪ ಸೋರುತ್ತೆ ಮೇಡಂ. ಭಾನುವಾರ ನಾನೇ ಬಂದು ಹಾಕಿ ಹೋಗ್ತೀನಿ. ನೀವು ಬೇರೆ ಯಾವ್ದನ್ನೂ ಹಾಕ್ಬೇಡಿ."

ಕೊನೆಯ ಮಾತಿಗೆ ಅವರ ದನಿ ಯಾಕೋ ತಗ್ಗಿತು.

ಪದ್ಮಶ್ರೀಗೆ ನಲವತ್ತು ದಾಟಿತ್ತು. ಮನೆ ಆರ್.ಟಿ. ನಗರದಲ್ಲಿ, ಕೆಲಸ ಯಲಹಂಕದ ಕಾಲೇಜೊಂದರಲ್ಲಿ, ಸಸ್ಯಶಾಸ್ತ್ರದ ಪಾಠ. ಅಮ್ಮನ ಕಾಯಿಲೆ ನೋಡಿಕೊಳ್ಳುತ್ತ ಮದುವೆಯ ವಯಸ್ಸು ಯಾವ ಸ್ಟಾಪಿನಲ್ಲಿ ಇಳಿದುಹೋಯಿತೋ ಅವಳು ಗಮನಿಸಿರಲಿಲ್ಲ.

ಜನವರಿಯ ಬೆಳಗು, ಕಾಲೇಜಿಗೆ ಹೊರಟಿದ್ದಳು. ಹೆಬ್ಬಾಳದ ಕೆರೆ ಮಂಜಿನಲ್ಲಿ ಕಾಣುತ್ತಲೇ ಇರಲಿಲ್ಲ. ಸರ್ವಿಸ್ ರಸ್ತೆಗೆಂದು ಅವಳು ಎಡಕ್ಕೆ ತಿರುಗಿಸಿದಳು. ಯಾರೋ ಗುನುಗಿದರು.

ರೇಡಿಯೋ ಹಾಕಿರಲಿಲ್ಲ. ದನಿ ಹೆಣ್ಣಿನದು. ಬಾಯಿ ಮುಚ್ಚಿಕೊಂಡು, ಕೈಯಲ್ಲಿ ಏನೋ ಕೆಲಸವಿರುವಾಗ ಗುನುಗಿದಂತೆ. ಎದೆಯ ಮುಂದೆಯೇ, ಸ್ಟೀರಿಂಗ್ ಚಕ್ರದ ಒಳಗಿನಿಂದ. ಸ್ಟೀರಿಂಗ್ ನೇರವಾಯಿತು, ದನಿ ನಿಂತಿತು. ಅವಳು ಗಾಡಿಯನ್ನು ಬದಿಗೆ ಹಾಕಿ ಹಿಂದಿನ ಸೀಟು ನೋಡಿದಳು. ಕಾಲೇಜು ಮಕ್ಕಳ ರೆಕಾರ್ಡ್ ಪುಸ್ತಕಗಳಷ್ಟೇ ಇದ್ದವು.

ಬಲಕ್ಕೆ ತಿರುಗಿದಾಗ ಏನೂ ಇಲ್ಲ. ಎಡಕ್ಕೆ ತಿರುಗಿದಾಗಲೆಲ್ಲ ಅದೇ ದನಿ.

ಹೇಳಿದಂತೆ ಅನಂತರಾಜು ಭಾನುವಾರ ಬಂದರು. ಅವಳ ಅಂಗಳ ಕಲೆಯಾಗಬಾರದೆಂದು ಎಂಜಿನ್ನಿನ ಕೆಳಗೆ ಹಳೆಯ ಪೇಪರು ಹಾಸಿದರು. ಸೊಟ್ಟಗಾದ ಡಬ್ಬವೊಂದರಿಂದ ಎಣ್ಣೆ ಸುರಿದರು. ಕೆಂಪಗಿತ್ತು, ಆರತಿಯ ನೀರಿನ ಹಾಗೆ. ಆಮೇಲೆ ಕೇಳದೆಯೇ ಗೇಟಿನ ಸಡಿಲ ಚಿಲಕ ಬಿಗಿ ಮಾಡಿದರು.

"ಒಂದು ರೌಂಡ್ ಹೋಗೋಣ್ವಾ? ಎಣ್ಣೆ ಕೂತಿದ್ಯಾ ನೋಡ್ಬೇಕು."

ಅವಳು ಓಡಿಸಿದಳು. ಪಕ್ಕದಲ್ಲಿ ಕೂತು ಅವರು ದಾರಿ ಹೇಳಿದರು. ಲೆಫ್ಟ್. ಮತ್ತೆ ಲೆಫ್ಟ್. ಇನ್ನೊಂದು ಲೆಫ್ಟ್.

"ರೈಟ್ ಅನ್ನೋದೇ ಇಲ್ವಲ್ಲ ನೀವು?"

"ಲೆಫ್ಟ್ ಸೇಫು ಮೇಡಂ. ಎದುರಿಂದ ಯಾರೂ ಬರಲ್ಲ."

ಭಾನುವಾರಗಳು ಹೀಗೇ ಬಂದವು. ಶನಿವಾರ ಸಂಜೆಯೇ ಪದ್ಮಶ್ರೀ ಕಾಫಿಪುಡಿ ತಂದಿಡತೊಡಗಿದಳು. ಗೇಟಿನ ಸದ್ದಾಗುವ ಮೊದಲೇ ಕೆಳಮನೆಯ ಅಕ್ಬರಿಯ ಕೂಗು ಮಹಡಿಗೆ ಬರುತ್ತಿತ್ತು.

"ಟೀಚರಮ್ಮ, ನಿಮ್ದು ಎಣ್ಣೆ ಸಾಹೇಬ್ರು ಬಂದ್ರು."

"ಕಾರು ನೋಡೋಕೆ ಬರ್ತಾರೆ ಕಣ್ರೀ."

"ಹೌದಾ? ಮತ್ತೆ ಕಾರಿಗೆ ಯಾಕೆ ಮಲ್ಲಿಗೆ ಮುಡಿಸಿಲ್ಲ? ನೀವು ಮುಡ್ಕೊಂಡಿದ್ದೀರಿ."

ಪದ್ಮಶ್ರೀ ಮೆಟ್ಟಿಲಿಳಿಯುವಾಗ ಅವರು ತಲೆಯೆತ್ತಿ ನೋಡುತ್ತಿದ್ದರು. ಸುಮ್ಮನೆ ಒಂದು ನೋಟ, ಸೆರಗಿನಂಚಿನವರೆಗೆ ಬಂದು ಅಲ್ಲೇ ನಾಚಿ ಹಿಂದಿರುಗುವಂಥದ್ದು. ಅವಳು ಅಷ್ಟನ್ನೇ ಇಡೀ ವಾರ ಇಟ್ಟುಕೊಳ್ಳುತ್ತಿದ್ದಳು.

ಒಂದು ಭಾನುವಾರ ಎಡಕ್ಕೆ ತಿರುಗಿಸುವಾಗ ಅವಳು ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿದಳು. ಅನಂತರಾಜು ಕಣ್ಣು ಮುಚ್ಚಿದ್ದರು. ತುಟಿ ಅಲ್ಲಾಡುತ್ತಿತ್ತು. ಚಕ್ರದೊಳಗಿನ ಆ ದನಿಯ ಜೊತೆ, ಅದೇ ರಾಗವನ್ನು ಅವರೂ ಗುನುಗುತ್ತಿದ್ದರು.

ಅವಳ ಮೈ ಜುಮ್ಮೆಂದಿತು. ಆದರೆ ಭಯಕ್ಕಿಂತ ಮೊದಲು ಬಂದದ್ದು ಹೊಟ್ಟೆಕಿಚ್ಚು. ಸತ್ತವಳ ಮೇಲೆ ಹೊಟ್ಟೆಕಿಚ್ಚು. ಅದು ಅವಳಿಗೇ ಅಸಹ್ಯವಾಯಿತು.

ಮರುದಿನ ಒಬ್ಬಳೇ ಬಾನೆಟ್ ಎತ್ತಿದಳು. ಸ್ಟೀರಿಂಗ್ ಎಣ್ಣೆ ತುಂಬುವ ಡಬ್ಬಿಯ ಮುಚ್ಚಳದ ಮೇಲೆ ಜಿಡ್ಡು ಹೆಪ್ಪುಗಟ್ಟಿತ್ತು. ಹಳೆಯ ಬಟ್ಟೆಯಲ್ಲಿ ಉಜ್ಜಿದಾಗ ಅಕ್ಷರ ಕಂಡಿತು. ಹಸಿರು ಸಿಂಥೆಟಿಕ್ ಎಣ್ಣೆ ಮಾತ್ರ. ಕೆಂಪು ಗೇರ್ ಎಣ್ಣೆ ಕೂಡದು.

ಅಕ್ಬರಿಯ ತಮ್ಮ ನೂರುಲ್ಲಾನಿಗೆ ಯಶವಂತಪುರದಲ್ಲಿ ಬಿಡಿಭಾಗಗಳ ಅಂಗಡಿ. ಅವನು ಹಸಿರು ಬಾಟಲಿಯನ್ನು ಒರೆಸಿ ಮುಂದಿಟ್ಟ.

"ಹಸಿರಿನ ಜಾಗಕ್ಕೆ ಕೆಂಪು ಹಾಕಿದ್ರೆ ನೊರೆ ಬರ್ತದೆ ಮೇಡಂ. ಪಂಪು ಅಳ್ತದೆ."

"ಅಳಲ್ಲ. ಗುನುಗುತ್ತೆ."

"ನಿಮ್ಮ ಕಾರು, ನೀವು ಹೇಳ್ದಂಗೆ. ಆದ್ರೆ ಒಳಗಿನ ರಬ್ಬರ್ ಸೀಲ್ ಉಬ್ಬಿ ಹರಿದ್ರೆ ಸ್ಟೀರಿಂಗ್ ಕಲ್ಲಾಗ್ತದೆ. ಫ್ಲೈಓವರ್ ಮೇಲೆ ಆದ್ರೆ ಏನ್ ಮಾಡ್ತೀರಾ? ಹಳೇದೆಲ್ಲ ತೆಗೆದು ಇದನ್ನ ಹಾಕ್ಬೇಕು."

"ಆಗ ಆ ದನಿ ಹೋಗುತ್ತಾ?"

"ಹೋಗ್ದೆ ಏನು?"

ಹಸಿರು ಬಾಟಲಿ ವಾರವಿಡೀ ಅಡುಗೆಮನೆಯ ಕಟ್ಟೆಯ ಮೇಲೆ ನಿಂತಿತ್ತು. ಒಲೆ ಹಚ್ಚುವಾಗ, ಅಕ್ಕಿ ತೊಳೆಯುವಾಗ ಅವಳು ಅದನ್ನೇ ನೋಡುತ್ತಿದ್ದಳು. ಅದನ್ನು ಹಾಕಿದರೆ ದನಿ ಹೋಗುತ್ತದೆ. ದನಿ ಹೋದರೆ ಅವರು ಯಾಕೆ ಬರುತ್ತಾರೆ?

ಭಾನುವಾರ ಅದನ್ನು ಕಾಫಿಯ ಲೋಟದ ಪಕ್ಕ ಇಟ್ಟಳು.

ಅನಂತರಾಜು ಬಾಟಲಿ ನೋಡಿದರು. ಕಾಫಿ ಮುಟ್ಟಲಿಲ್ಲ.

"ನಿಮಗೆ ಗೊತ್ತಿತ್ತು," ಎಂದಳು.

"ಗೊತ್ತಿತ್ತು." ಬಾಟಲಿಯನ್ನು ಬೆರಳಿನಿಂದ ತುಸು ಆಚೆ ಸರಿಸಿದರು. "ನಮ್ಮ ಮಾವ, ಆಶಾರಾಣಿ ಅಪ್ಪಂದು ದಾಸರಹಳ್ಳೀಲಿ ಲಾರಿ ಶೆಡ್ಡು. ಅಲ್ಲೊಂದು ಕೆಂಪು ಎಣ್ಣೆ ಡ್ರಮ್ಮು. ಲಾರಿಗೂ ಅದೇ, ಹೊಲಿಗೆ ಮಿಷನ್ನಿಗೂ ಅದೇ, ಬಾಗಿಲು ಕಿರುಗುಟ್ಟಿದ್ರೂ ಅದೇ. ಬೇರೆ ಹೆಂಗಸ್ರು ತವರಿಂದ ಉಪ್ಪಿನಕಾಯಿ ತರ್ತಾರೆ. ಇವಳು ಎಣ್ಣೆ ಡಬ್ಬ ತರೋಳು. ಅಪ್ಪ ಕೊಟ್ಟಿದ್ದು ಬಿಟ್ಟು ಬೇರೆ ಹಾಕೋಕೇ ಬಿಡ್ತಿರಲಿಲ್ಲ."

ಪದ್ಮಶ್ರೀಗೆ ನಗು ಬಂತು. ಅವರಿಗೂ ಬಂತು, ಬಂದು ಅರ್ಧಕ್ಕೇ ನಿಂತಿತು.

"ಅವಳಿದ್ದಾಗ ಅದು ಬರೀ ಪಂಪಿನ ಸದ್ದು. ಅವಳು ಹೋದ್ಮೇಲೆ ಒಂದಿನ ಎಡಕ್ಕೆ ತಿರುಗಿಸ್ದೆ. ಅಡುಗೆ ಮಾಡೋವಾಗ ಗುನುಗ್ತಿದ್ಲಲ್ಲ, ಅದೇ. ನಾನೇನು ಹುಚ್ಚ ಅಲ್ಲ ಮೇಡಂ. ಬೇರೆ ಯಾರಿಗೂ ಅದು ಹಾಗೆ ಕೇಳಿಸಲ್ಲ ಅಂತ ನನಗೆ ಗೊತ್ತು."

"ಭಾನುವಾರ ನೀವು ಬರೋದು ಯಾರನ್ನ ನೋಡೋಕೆ?"

ಇದನ್ನು ಕೇಳಬಾರದು ಎಂದು ವಾರವೆಲ್ಲ ಅಂದುಕೊಂಡಿದ್ದಳು. ಕೇಳಿಬಿಟ್ಟಳು.

"ಮೊದಮೊದಲು ಅವಳನ್ನ."

"ಈಗ?"

ಅವರು ಲೋಟವನ್ನು ತಿರುಗಿಸಿದರು. "ಈಗ ನೀವು ಮೆಟ್ಟಿಲು ಇಳಿದು ಬಂದ್ರೆ ಸಾಕು, ಬಂದ ಕೆಲಸ ಆಯ್ತು ಅನ್ಸುತ್ತೆ. ಆಮೇಲೆ ಕಾರು ಹತ್ತೋಕೆ ಕಷ್ಟ ಆಗುತ್ತೆ. ಅವಳು ಕೂತಿರ್ತಾಳಲ್ಲ ಒಳಗೆ."

ಹಸಿರು ಬಾಟಲಿಯನ್ನು ಕೈಗೆತ್ತಿಕೊಂಡದ್ದು ಅವರೇ.

"ಹಾಕ್ಸೋಣ ನಡೀರಿ. ನೀವು ದಿನಾ ಹೆಬ್ಬಾಳದ ಫ್ಲೈಓವರ್ ಮೇಲೆ ಹೋಗ್ತೀರಿ. ನನಗೆ ಮೊದಲೇ ಹೊಳೀಬೇಕಿತ್ತು."

ಭಾನುವಾರವಾದರೂ ಅಕ್ಕನ ಫೋನಿಗೆ ನೂರುಲ್ಲಾ ಅಂಗಡಿಗೆ ಬಂದು ಅರ್ಧ ಶಟರ್ ಎತ್ತಿದ್ದ. ಕಾರಿನ ಮುಂಭಾಗವನ್ನು ಜಾಕಿನ ಮೇಲೆ ನಿಲ್ಲಿಸಿ, ಪೈಪು ಬಿಚ್ಚಿ ಅದರ ತುದಿಯನ್ನು ಒಂದು ಕ್ಯಾನಿಗೆ ಇಳಿಬಿಟ್ಟ.

"ಎಂಜಿನ್ ಹಾಕ್ಬೇಡಿ ಸರ್. ಸುಮ್ನೆ ಆ ಕೊನೆಯಿಂದ ಈ ಕೊನೆಗೆ ತಿರುಗಿಸ್ತಾ ಇರಿ. ಹಳೇದು ತಾನಾಗೇ ಬರ್ತದೆ. ನಾನು ಮೇಲಿಂದ ಹೊಸದು ಹಾಕ್ತಾ ಇರ್ತೀನಿ."

ಅನಂತರಾಜು ಚಾಲಕನ ಸೀಟಿನಲ್ಲಿ ಕೂತರು. ಪದ್ಮಶ್ರೀ ಪಕ್ಕದಲ್ಲಿ. ಮಧ್ಯಾಹ್ನದ ಬಿಸಿಲು ಶಟರಿನ ಕೆಳಗೆ ಗೆರೆಯಾಗಿ ಬಿದ್ದಿತ್ತು. ಅವರು ಬಲಕ್ಕೆ ತಿರುಗಿಸಿದರು. ಕ್ಯಾನಿಗೆ ಕೆಂಪು ಬಿತ್ತು. ಎಡಕ್ಕೆ ತಿರುಗಿಸುವ ಮೊದಲು ಅವರ ಕೈ ನಿಂತಿತು. ಪದ್ಮಶ್ರೀ ತನ್ನ ಕೈಯನ್ನೂ ಚಕ್ರದ ಮೇಲಿಟ್ಟಳು. ಇಬ್ಬರೂ ಸೇರಿ ಎಡಕ್ಕೆ ಎಳೆದರು.

ದನಿ ಬಂತು.

ಎಂಜಿನ್ ಆಫ್ ಆಗಿತ್ತು. ಪಂಪು ತಿರುಗುವಂತೆಯೇ ಇರಲಿಲ್ಲ. ಆದರೂ ಬಂತು, ಎಂದಿಗಿಂತ ಸ್ಪಷ್ಟವಾಗಿ, ನಡುವೆ ಉಸಿರು ತೆಗೆದುಕೊಂಡ ಸದ್ದೂ ಸೇರಿ. ಪದ್ಮಶ್ರೀಯ ಮುಂಗೈ ಮೇಲೆ ಬೆಚ್ಚನೆಯ ಆವಿ ತಾಗಿದಂತಾಯಿತು, ಪಾತ್ರೆಯ ಮುಚ್ಚಳ ತೆಗೆದಾಗ ತಾಗುವಂಥದ್ದು.

ಅನಂತರಾಜು ನಿಧಾನವಾಗಿ ಅವಳ ಕಡೆ ತಿರುಗಿದರು. ಮುಖದಲ್ಲಿ ರಕ್ತವಿರಲಿಲ್ಲ. "ನಿಮಗೆ..."

"ಕೇಳಿಸ್ತಿದೆ," ಎಂದಳು. "ಹೆಂಗಸಿನ ದನಿ. ಮೊದಲ ದಿನದಿಂದ ಹೀಗೇ ಕೇಳಿಸ್ತಿದೆ."

ಅವರ ಕಣ್ಣು ತುಂಬಿತು. ಮೂರು ವರ್ಷ ಒಬ್ಬರೇ ಹೊತ್ತದ್ದನ್ನು ಯಾರೋ ಇನ್ನೊಂದು ಬದಿಯಿಂದ ಎತ್ತಿ ಹಿಡಿದ ಹಾಗಿತ್ತು ಅವರ ಮುಖ.

"ಏನಾದ್ರೂ ಅಂದ್ರಾ ಸರ್?" ನೂರುಲ್ಲಾ ಬಾನೆಟ್ ಆಚೆಯಿಂದ ಇಣುಕಿದ. ಅವನಿಗೆ ರಸ್ತೆಯ ಹಾರ್ನು ಬಿಟ್ಟು ಬೇರೇನೂ ಕೇಳಿಸಿರಲಿಲ್ಲ. "ನಿಲ್ಲಿಸ್ಬೇಡಿ, ತಿರುಗಿಸಿ. ಕೆಂಪು ತಿಳಿಯಾಗ್ತಾ ಇದೆ."

ಇಬ್ಬರೂ ತಿರುಗಿಸಿದರು. ಕೆಂಪು ಕಂದಾಯಿತು. ಕಂದಿನಲ್ಲಿ ಹಸಿರಿನ ಎಳೆ ಕಂಡಿತು. ದನಿ ತೆಳುವಾಗುತ್ತ ಹೋಗಿ, ರಾಗದ ನಡುವೆ, ಮುಗಿಯದ ಜಾಗದಲ್ಲಿ, ತಟ್ಟನೆ ನಿಂತಿತು.

ಪದ್ಮಶ್ರೀ ಕಾದಳು. ಮುಂದಿನದು ಬರಲಿಲ್ಲ.

"ಅರ್ಧಕ್ಕೇ ನಿಂತುಹೋಯ್ತು," ಎಂದಳು. ತಾನೇ ಯಾರನ್ನೋ ಹೊರಗೆ ಕಳಿಸಿದಂತೆ ಅನ್ನಿಸಿತು.

"ಅವಳು ಯಾವತ್ತೂ ಪೂರ್ತಿ ಮಾಡ್ತಿರಲಿಲ್ಲ." ಅನಂತರಾಜು ಚಕ್ರದ ಮೇಲಿದ್ದ ಅವಳ ಕೈ ಮೇಲೆ ತಮ್ಮ ಕೈ ಇಟ್ಟರು. "ಒಗ್ಗರಣೆ ಹಾಕ್ತಿದ್ದ ಹಾಗೇ ನಿಲ್ಲಿಸಿಬಿಡೋಳು. ಅಡುಗೆ ಆಯ್ತು, ಬಂದು ಕೂತ್ಕೊಳ್ಳಿ ಅಂತ ಅರ್ಥ."

ನೂರುಲ್ಲಾ ಜಾಕಿ ಇಳಿಸಿದ. ಮನೆಗೆ ಹೊರಡುವಾಗ ಪದ್ಮಶ್ರೀಯೇ ಓಡಿಸಿದಳು. ಸ್ಟೀರಿಂಗ್ ಬೆಣ್ಣೆಯ ಹಾಗೆ ತಿರುಗಿತು, ಯಾವ ಕಡೆಗೂ ಸದ್ದಿಲ್ಲ.

"ಮುಂದಿನ ಭಾನುವಾರಕ್ಕೆ ನನ್ನ ಹತ್ರ ನೆಪ ಇಲ್ಲ," ಎಂದರು ಅನಂತರಾಜು, ಕಿಟಕಿಯ ಹೊರಗೆ ನೋಡುತ್ತ.

"ನೆಪ ಇಲ್ದೆ ಬನ್ನಿ."

"ಅಕ್ಬರಿಯವರು ಕೇಳಿದ್ರೆ ಏನಂತ ಹೇಳ್ಲಿ?"

"ಪದ್ಮಶ್ರೀನ ನೋಡೋಕೆ ಅನ್ನಿ."

ಅವರು ಆ ಹೆಸರನ್ನು ಒಮ್ಮೆ ಮೆಲ್ಲಗೆ ಹೇಳಿ ನೋಡಿಕೊಂಡರು. ಮೇಡಂ ಇಲ್ಲದೆ, ಬರೀ ಹೆಸರು. ಅವಳ ಕಿವಿ ಬಿಸಿಯಾಯಿತು. ಅವಳು ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದಳು, ಆಮೇಲೆ ಅವರನ್ನು.

ಕಾರಿನಲ್ಲಿ ಈಗ ಇಬ್ಬರೇ ಇದ್ದರು.